ಧೂಪದ ಬಟ್ಟಲಿನ ಮುಚ್ಚಳ

"ಮುಚ್ಚಳ ಬಿಡು ಚಿಕ್ಕಮ್ಮ, ಜನ ನೋಡ್ತಿದಾರೆ," ಎನ್ನುತ್ತ ಗ್ಲೆನ್ ತಮಾಯೆಯ ಕೈಯಿಂದ ಧೂಪದ ಬಟ್ಟಲಿನ ಹಿತ್ತಾಳೆ ಮುಚ್ಚಳ ಕಿತ್ತುಕೊಳ್ಳಲು ನೋಡಿದ.

"ಧೂಪ ಬೇಡ ಅಂದಿದ್ಳು ನಿಮ್ಮಮ್ಮ. ಆಸ್ಪತ್ರೇಲಿ ನಾನು ಮಾತು ಕೊಟ್ಟಿದೀನಿ ಕಣೋ."

"ಧೂಪ ಇಲ್ದೆ ಸಾವಿನ ಪೂಜೇನಾ? ನಮ್ಮ ಜನ ಏನಂದಾರು? ಅಮ್ಮ ಜಡ್ಜ್ ಆಗಿದ್ದೋಳು. ಎಂಥೆಂಥೋರು ಬಂದಿದಾರೆ ನೋಡು."

ಬಂದಿದ್ದರು, ನಿಜ. ಅಮೆರಿಕದ ಸ್ಯಾನ್ ಹೋಸೆಯ ಜಪಾನಿ ಬೀದಿಯ ಆ ಬೌದ್ಧ ದೇವಾಲಯದ ಮುಂದಿನ ಸಾಲಿನಲ್ಲಿ ಪೂರ್ತಿ ಕೋರ್ಟಿನವರೇ. ತಮಾಯೆಯ ಅಕ್ಕ ಹರುಯೆ ಜಡ್ಜಾಗಿ ಮೊದಲ ಸಲ ಪೀಠ ಹತ್ತಿದಾಗ, ಜಪಾನಿ ಹೆಂಗಸಿಗೆ ಎದ್ದು ನಿಲ್ಲಬೇಕಾಯಿತಲ್ಲ ಎಂದು ಮುಖ ಸಿಂಡರಿಸಿದವರು ಈಗ ಕರವಸ್ತ್ರ ಹಿಡಿದು ಕೂತಿದ್ದರು. ತಮಾಯೆಗೆ ಮೈ ಉರಿಯಿತು. ಆದರೂ ಸೋತಳು. ಬಟ್ಟಲನ್ನು ತೆರೆದೇ ಬಿಟ್ಟು, ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

*

ಜಪಾನಿನ ಜೊತೆ ಯುದ್ಧ ಶುರುವಾದ ಮೇಲೆ ಅಮೆರಿಕ ಸರ್ಕಾರ ತನ್ನಲ್ಲಿದ್ದ ಜಪಾನಿಗಳನ್ನೆಲ್ಲ ಕುದುರೆ ಪಂದ್ಯದ ಮೈದಾನದ ಬಂಧನ ಶಿಬಿರಕ್ಕೆ ತುಂಬಿದಾಗ ಈ ಅಕ್ಕತಂಗಿಯರ ಮನೆಯವರ ಪಾಲಿಗೆ ಬಂದದ್ದು ಒಂದು ಲಾಯ. ಲದ್ದಿ ಕೆರೆಯದೆ ಅದರ ಮೇಲೇ ಸುಣ್ಣ ಬಳಿದಿದ್ದರು. ಅಮ್ಮ ಬೆಳಗೂ ಬೈಗೂ ಧೂಪ ಹಚ್ಚುತ್ತಿದ್ದಳು.

"ನಾತ ಹೋಗಲ್ಲಮ್ಮ, ಮುಚ್ಕೊಳುತ್ತೆ ಅಷ್ಟೆ," ಎಂದಳು ಹದಿನೈದರ ಹರುಯೆ. "ನಾವೇನು ತಪ್ಪು ಮಾಡಿದ್ವಿ ಅಂತ ಯಾರನ್ನ ಕೇಳೋದು?"

"ನೀನೇ ಲಾಯರಾಗಿ ಕೇಳು," ಎಂದು ಅಪ್ಪ ಹುಳ್ಳಗೆ ನಕ್ಕ. ಅವನು ತಮಾಷೆಗೆ ಅಂದದ್ದು. ಅವಳು ಹಾಗೆ ತಿಳಿಯಲಿಲ್ಲ.

ಲಾಯರಾಗಿ ಮೊದಲ ದಿನ ಕೋರ್ಟಿಗೆ ಹೋದಾಗ ಎದುರು ಪಕ್ಷದ ವಕೀಲ ಹಾಲ್ವರ್ಸನ್, "ದುಭಾಷಿ ಬಂದ್ಳು, ಶುರು ಮಾಡೋಣ್ವಾ?" ಎಂದ. ಕೋರ್ಟೆಲ್ಲ ಗೊಳ್ಳೆಂದಿತು. ಹರುಯೆ ಮೊಕದ್ದಮೆ ಗೆದ್ದಳು. ಮನೆಗೆ ಬಂದವಳೇ ಅನ್ನದ ಬಟ್ಟಲನ್ನು ಗೋಡೆಗೆ ಬೀಸಿದಳು. ಚೂರುಗಳನ್ನು ಆಯ್ದವಳು ತಮಾಯೆ.

*

ಅದೇ ಹಾಲ್ವರ್ಸನ್, ಈಗ ತಲೆ ಬೆಳ್ಳಗಾದವನು, ಹೆಣದ ಪಕ್ಕ ನಿಂತು ಮಾತಾಡುತ್ತಿದ್ದ.

"ಹರುಯೆ ಯಾವತ್ತೂ ಸಿಟ್ಟು ಮಾಡ್ಕೊಂಡೋರಲ್ಲ. ಆ ಶಿಬಿರದ ಬಗ್ಗೆ ಒಂದು ಕಹಿ ಮಾತಿಲ್ಲ. ಎಲ್ಲ ಮರೆತು ನಮ್ಮನ್ನ ಕ್ಷಮಿಸಿದ್ರು."

ಜನ ತಲೆದೂಗಿದರು. ಗ್ಲೆನ್ ಕೂಡ.

"ನೀನೂನಾ?" ಎಂದಳು ತಮಾಯೆ. "ಮನೇಲಿ ಒಡೆದ ಬಟ್ಟಲು ನೋಡೇ ಬೆಳೆದೋನಲ್ವೇನೋ ನೀನು?"

ಗ್ಲೆನ್ ತಲೆ ತಗ್ಗಿಸಿದ.

ಭಿಕ್ಷು ಮಂತ್ರ ಶುರು ಮಾಡಿದ. ಬಟ್ಟಲಿನ ಕೆಂಡಕ್ಕೆ ಒಬ್ಬೊಬ್ಬರಾಗಿ ಚಿಟಿಕೆ ಧೂಪ ಹಾಕಲು ಮನೆಯವರನ್ನು ಮೊದಲು ಕರೆದರು. ಅವರ ಹಿಂದೆಯೇ ಹಾಲ್ವರ್ಸನ್ ಎದ್ದ. ತಮಾಯೆ ಬಟ್ಟಲ ಮುಂದೆ ನಿಂತು ಅಕ್ಕನ ಪಟಕ್ಕೆ ಬಾಗಿದಳು. ಧೂಪ ಮುಟ್ಟಲಿಲ್ಲ.

"ನಮ್ಮಕ್ಕ ಸಾಯೋ ತನಕ ಸಿಟ್ಟಲ್ಲೇ ಇದ್ಲು, ಹಾಲ್ವರ್ಸನ್ನೋರೆ," ಎಂದಳು, ಹಿಂದಿನ ಸಾಲಿಗೂ ಕೇಳುವಂತೆ. "ನಿಮ್ಮ ಮೇಲೂ."

ಕೈಲಿದ್ದ ಮುಚ್ಚಳವನ್ನು ಕೆಂಡದ ಮೇಲೆ ಹಾಕಿದಳು. ಭಿಕ್ಷುವಿನ ಮಂತ್ರ ಒಂದು ಕ್ಷಣ ತಡವರಿಸಿ ಮುಂದುವರಿಯಿತು. ಎಲ್ಲರೂ ಗ್ಲೆನ್ ಕಡೆ ನೋಡಿದರು. ಅವನು ಬಂದು ಚಿಕ್ಕಮ್ಮನ ಪಕ್ಕ ಕೈಕಟ್ಟಿ ನಿಂತ, ಮುಚ್ಚಳ ತೆಗೆಯಲಿಲ್ಲ.

ಹೊಗೆ ನಿಂತಿತು. ಬೆರಳ ತುದಿಯಲ್ಲಿ ಚಿಟಿಕೆ ಧೂಪ ಹಿಡಿದ ಹಾಲ್ವರ್ಸನ್, ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಹರುಯೆಯ ಪಟದೆದುರು ನಿಂತೇ ಇದ್ದ.