ಅಪ್ಪನ ದ್ವೀಪಕ್ಕೆ ಎಣ್ಣೆ ಹಾಕಿದವನು

ಹಾಸಿಗೆ ಅಂಗಡಿಯ ಸಾಹುಕಾರರಿಗೆ ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ದ್ವೀಪ ಒಂದು. ಇವುಗಳಲ್ಲಿ ಯಾವುದರ ಮೇಲೆ ಪ್ರೀತಿ ಹೆಚ್ಚು ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಉತ್ತರ ಗೊತ್ತಿದ್ದೂ ಕೇಳಿ ಯಾಕೆ ಮನಸ್ಸು ಕೆಡಿಸಿಕೊಳ್ಳಬೇಕು?

ಚಡ್ಡಿ ಹಾಕುವ ವಯಸ್ಸಿನಲ್ಲಿ ತಮ್ಮ ತಂದೆಯ ಕೈ ಹಿಡಿದು ಆ ದ್ವೀಪದಲ್ಲಿ ದೋಣಿ ಇಳಿದವರು, ಅಲ್ಲಿಂದೀಚೆಗೆ ಒಂದು ಬೇಸಿಗೆಯೂ ತಪ್ಪಿಸಿದವರಲ್ಲ. ಅದೇ ಲಾಡ್ಜು, ಅದೇ ಮೂಲೆಯ ಕೋಣೆ, ಒಂದು ಕಾಲಿಗೆ ಕಲ್ಲಿನ ಒತ್ತು ಕೊಟ್ಟ ಅದೇ ಮೇಜು. ಅಂಗಡಿಯಲ್ಲಿ ಗಿರಾಕಿಗಳಿಗೆ ಬೆನ್ನುಮೂಳೆಯ ಬಗ್ಗೆ ಭಾಷಣ ಬಿಗಿದು, "ಮೇಡಂ, ಹಾಸಿಗೇಲಿ ಒಂದು ಬೆರಳಿನಷ್ಟು ತಗ್ಗು ಇದ್ರೂ ಆಯುಷ್ಯಕ್ಕೆ ಒಳ್ಳೇದಲ್ಲ" ಎಂದು ಹೆದರಿಸಿ ವ್ಯಾಪಾರ ಮಾಡುವ ಮನುಷ್ಯ, ದ್ವೀಪದಲ್ಲಿ ಮಾತ್ರ ನಡುಮಧ್ಯೆ ಹಳ್ಳ ಬಿದ್ದ ಹತ್ತಿಯ ಹಾಸಿಗೆಯಲ್ಲಿ ಮಲಗಿ, ಬೆಳಗ್ಗೆ ಸೊಂಟ ಹಿಡಿದುಕೊಂಡು ಎದ್ದು, "ನಿದ್ದೆ ಅಂದ್ರೆ ಇದಪ್ಪಾ!" ಎನ್ನುತ್ತಿದ್ದರು. ನಲ್ಲಿ ತೊಟ್ಟಿಕ್ಕಿದರೆ ಅದು ದ್ವೀಪದ ನಾಡಿ. ದೀಪ ಹೋದರೆ ಅದು ದ್ವೀಪದ ಮೌನ. ಇನ್ನು ಸಮುದ್ರದ ಕಡೆಗೆ ತೆರೆಯುವ ಜಗಲಿಯ ಬಾಗಿಲು ನಸುಕಿನ ಗಾಳಿಗೆ ಕಿರ್‍ರೆಂದು ಕಿರುಚಿ ಇಡೀ ಲಾಡ್ಜನ್ನು ಎಬ್ಬಿಸಿದರೆ, ಅದು ದ್ವೀಪ ಖುದ್ದಾಗಿ ಅವರನ್ನು ಕರೆಯುವ ದನಿ.

ಈ ಮನೆಗೆ ಹೊಸದಾಗಿ ಸೇರುವವರು ಯಾರೇ ಇರಲಿ, ಮೊದಲು ದ್ವೀಪದಲ್ಲಿ ಪಾಸಾಗಬೇಕಿತ್ತು. ಜಾತಕ, ಸಂಬಳ, ಮನೆತನ ಎಲ್ಲ ಆಮೇಲೆ. ಹೆಣ್ಣುಮಕ್ಕಳ ಅಮ್ಮ ಪಾಸಾದದ್ದು ಒಂದು ಮಾತೂ ಆಡದೆ. ದೋಣಿಯ ಓಲಾಟಕ್ಕೆ ಹೊಟ್ಟೆ ತೊಳೆಸಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅಪ್ಪ ಅದನ್ನು ಭಾವಪರವಶತೆ ಎಂದುಕೊಂಡರು. ಹಿರಿಯವಳಾದ ಅಕ್ಕನಿಗೆ ಬಂದ ಮೊದಲ ಗಂಡು ದಡದಲ್ಲಿ ಕಾಲಿಟ್ಟ ಕೂಡಲೇ, "ಇಲ್ಲಿ ಸಿಗ್ನಲ್ ಎಲ್ಲಿ ಸಿಗತ್ತೆ ಅಂಕಲ್?" ಎಂದು ಕೇಳಿ ಬಂದ ದೋಣಿಯಲ್ಲೇ ವಾಪಸಾದ. ಎರಡನೆಯವನು ಜಾಣ, ಬ್ಯಾಂಕಿನ ಗುಮಾಸ್ತ. ಕಣ್ಣಿಗೆ ಉಪ್ಪುನೀರು ಸಿಡಿದದ್ದನ್ನೇ ಬಂಡವಾಳ ಮಾಡಿಕೊಂಡು, ಗದ್ಗದ ಕಂಠದಲ್ಲಿ "ಮನೆಗೆ ಬಂದ ಹಾಗಾಯ್ತು ಮಾವ" ಎಂದುಬಿಟ್ಟ. ಅಪ್ಪ ಅವನನ್ನು ಅಲ್ಲೇ ತಬ್ಬಿಕೊಂಡರು. ಅವನೇ ಈಗಿನ ಭಾವ. ಆ ಒಂದು ಮಾತಿನ ತಪ್ಪಿಗೆ ಅಂದಿನಿಂದ ಅವನು ರಜೆ ಹಾಕಿ ಬೇರೆ ಊರನ್ನೇ ನೋಡಿಲ್ಲ.

ಈಗ ಕಿರಿಯವಳ ಸರದಿ. ಅವಳನ್ನು ಮನೆಯಲ್ಲಿ ಮೆಲ್ಲಿ ಎನ್ನುತ್ತಿದ್ದರು. ಇವಳ ಮಾತು ಕೇಳಿಸಬೇಕಾದರೆ ಮೊದಲು ಫ್ಯಾನು ಆರಿಸಬೇಕು ಎಂದು ಅಕ್ಕ ಇಟ್ಟ ಹೆಸರು. ಡಿಗ್ರಿ ಮುಗಿಸಿ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿ ಮಾತಾಡಿಸಿಬಿಟ್ಟರೆ ಎಂಬ ಹೆದರಿಕೆಗೆ ದಿನಾ ಮೆಟ್ಟಿಲು ಹತ್ತುತ್ತಿದ್ದಳು. ಒಮ್ಮೆ ಲಿಫ್ಟು ಕೆಟ್ಟು, ಕಟ್ಟಡದ ಜನವೆಲ್ಲ ಏದುಸಿರು ಬಿಡುತ್ತ, ಲಿಫ್ಟು ಮಾಡಿದವನ ವಂಶವನ್ನೆಲ್ಲ ಬೈಯುತ್ತ ಹತ್ತುತ್ತಿದ್ದಾಗ, ಶಪಿಸದೆ ಹತ್ತಿದವಳು ಇವಳೊಬ್ಬಳೇ. ರಿಪೇರಿಗೆ ಬಂದಿದ್ದ ಲಿಫ್ಟ್ ಮೆಕ್ಯಾನಿಕ್‌ನ ಕಣ್ಣಿಗೆ ಅದು ಬಿತ್ತು. ಮುಂದಿನದ್ದನ್ನು ಅವನೇ ಮಾತಾಡಿದ. ಅವಳು ತಲೆಯಾಡಿಸಿದಳು. ಹಾಗೆ ತಲೆಯಾಡಿಸುತ್ತಲೇ, ಇವನನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಇಷ್ಟು ಸಲೀಸಾಗಿ ತಲೆಯಾಡಿಸುವುದೂ ತನ್ನಿಂದಾಗದು ಎಂದು ಅವಳಿಗೆ ಖಾತ್ರಿಯಾಗಿತ್ತು.

"ಹುಡುಗನ್ನ ದ್ವೀಪಕ್ಕೆ ಕರ್ಕೊಂಡು ಬಾ. ಅಲ್ಲಿ ನೋಡೋಣ" ಎಂದರು ಅಪ್ಪ.

ಅಕ್ಕ ಕೂಸಿನ ನೆಪ ಹೇಳಿ ಈ ಸಲ ಬಚಾವಾಗಿದ್ದಳು. ದೋಣಿಯಲ್ಲಿ ಭಾವ ಮೆಕ್ಯಾನಿಕ್‌ನ ಕಿವಿ ಕಚ್ಚುತ್ತಲೇ ಬಂದ.

"ನೋಡಯ್ಯ, ಇಳಿದ ತಕ್ಷಣ ಏನಾದ್ರೂ ಒಂದು ಹೇಳ್ಲೇಬೇಕು. 'ಮನೆಗೆ ಬಂದ ಹಾಗಾಯ್ತು' ನಂದು, ಅದನ್ನ ಮುಟ್ಬೇಡ. 'ಹಿಂದಿನ ಜನ್ಮದಲ್ಲಿ ನೋಡಿದ ಹಾಗಿದೆ' ಅನ್ನು. ಖಾಲಿ ಇದೆ ಅದು."

"ನೋಡಿಲ್ಲವಲ್ಲ ಭಾವ."

"ನಾನು ಮನೆಗೆ ಬಂದಿದ್ನಾ? ಬಾಯಲ್ಲಿ ಅಂದ್ರೆ ಸಾಕು."

ದಡ ಸೇರಿದಾಗ ಅಪ್ಪ ತಿರುಗಿ ನಿಂತರು. ಮೆಕ್ಯಾನಿಕ್ ದೋಣಿ ನಿಲ್ಲುವ ಕಟ್ಟೆಯನ್ನು ಕಾಲಿನಿಂದ ಒತ್ತಿ ನೋಡಿ, "ಎಂಥಾ ಗಟ್ಟಿ ಕಟ್ಟೆ ಮಾವ!" ಎಂದ. ಅಪ್ಪ ಆ ಮಾತನ್ನು ಸ್ವಲ್ಪ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡು ರುಚಿ ನೋಡಿದಂತೆ ಮಾಡಿ, ಕೊನೆಗೆ "ಹೂಂ. ನಮ್ಮಪ್ಪನ ಕಾಲದ್ದು" ಎಂದರು. ಫೇಲೂ ಅಲ್ಲ, ಪಾಸೂ ಅಲ್ಲ.

ಮರುದಿನ ಅನಾಹುತವಾಯಿತು.

ಅಪ್ಪ ಎಚ್ಚರಾದಾಗ ಬಿಸಿಲು ಹಾಸಿಗೆಯ ಹಳ್ಳದವರೆಗೂ ಇಳಿದಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ದ್ವೀಪದಲ್ಲಿ ಅವರಿಗೆ ಗಡದ್ದಾದ ನಿದ್ದೆ ಬಂದುಬಿಟ್ಟಿತ್ತು, ಸೂರ್ಯ ಇವರನ್ನು ಕೇಳದೆ ಹುಟ್ಟಿಬಿಟ್ಟಿದ್ದ. ಬನಿಯನ್ನಿನಲ್ಲೇ ಜಗಲಿಗೆ ಓಡಿ ಬಂದು ಬಾಗಿಲನ್ನು ತಳ್ಳಿದರು. ಅದು ಬೆಣ್ಣೆಯ ಮೇಲೆ ಜಾರಿದ ಹಾಗೆ ತೆರೆದುಕೊಂಡಿತು. ಎಳೆದರು. ಮುಚ್ಚಿಕೊಂಡಿತು. ಉಸಿರಿಲ್ಲ.

"ಯಾರು?" ಎಂದರು ಅಪ್ಪ. "ಯಾರು ಮಾಡಿದ್ದು ಇದನ್ನ?"

ಸ್ಟೂಲಿನ ಮೇಲೆ ನಿಂತು ಕಿಟಕಿಯ ಚಿಲಕ ಬಿಗಿಮಾಡುತ್ತಿದ್ದ ಮೆಕ್ಯಾನಿಕ್, ಶಹಭಾಸ್‌ಗಿರಿ ಸಿಗುತ್ತದೆಂಬ ಮುಖ ಹೊತ್ತು ಇಳಿದ. "ನಾನೇ ಮಾವ. ಕೀಲು ಒಣಗಿ ಹೋಗಿತ್ತು. ನಿಮ್ಮ ನಿದ್ದೆ ಕೆಡಬಾರ್ದು ಅಂತ ನಸುಕಿಗೇ ಎದ್ದು ಎಣ್ಣೆ ಹಾಕ್ದೆ. ನಲ್ಲೀನೂ ಸರಿ ಮಾಡಿದೀನಿ. ಮೇಜಿನ ಕಾಲಿಗೂ ಒಂದು ಚೂರು ಮರ ಹೊಡೆದೆ, ಈಗ ಅಲುಗಾಡಲ್ಲ."

ಭಾವ ಗೋಡೆಯ ಕಡೆ ತಿರುಗಿ ನಿಂತ. ಸಾವಿನ ಮನೆಯಲ್ಲಿ ನಗು ಬಂದವರು ನಿಲ್ಲುವ ಹಾಗೆ.

"ಕೊಂದುಬಿಟ್ಟೆಯಲ್ಲೋ!" ಎಂದರು ಅಪ್ಪ, ಬಾಗಿಲಿಗೆ ಕೈಯಾನಿಸಿ. "ಸಂಜೆ ದೋಣಿಗೆ ಇವನ ಚೀಲ ಹಾಕಿ."

ಮೆಲ್ಲಿ ಅಡುಗೆಮನೆಗೆ ಓಡಿದಳು. ಅಳುವುದಕ್ಕೆ ಆ ಲಾಡ್ಜಿನಲ್ಲಿ ಇನ್ನೊಂದು ಜಾಗವಿರಲಿಲ್ಲ. ಲಾಡ್ಜಿನ ಒಡತಿ, ಎಲ್ಲರ ಬಾಯಲ್ಲೂ ಲಾಡ್ಜಿನಕ್ಕ, ವಿಷಯ ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ವಾರದಿಂದ ಕಷ್ಟಪಟ್ಟು ಕೆಡಿಸಿಟ್ಟಿದ್ದೆನಲ್ಲೇ ಅದನ್ನ!"

"ಕೆಡಿಸಿಟ್ಟಿದ್ರಾ?"

"ಮತ್ತೇನು? ಆ ಬಾಗಿಲೇನು ನಿನ್ನ ತಾತನ ಕಾಲದ್ದು ಅಂದ್ಕೊಂಡ್ಯಾ? ಅದು ಯಾವತ್ತೋ ಗಾಳಿಗೆ ಕಿತ್ಕೊಂಡು ಸಮುದ್ರಕ್ಕೆ ಹೋಯ್ತು. ಹೊಸದು ಹಾಕ್ಸಿದ್ದೆ. ನಿಮ್ಮಪ್ಪ ಬಂದು, 'ಅಕ್ಕಾ, ಸದ್ದು ಎಲ್ಲಿ?' ಅಂತ ಮಗು ಥರ ಮುಖ ಮಾಡ್ಕೊಂಡ್ರು. ಊಟ ಬಿಟ್ರು. ಅವತ್ತಿಂದ ನೀವು ಬರೋ ಮುಂಚೆ ಕೀಲಿಗೆ ಉಪ್ಪುನೀರು ಸುರೀತೀನಿ. ಅಟ್ಟದಿಂದ ಆ ಹಳೇ ಹಾಸಿಗೆ ಇಳಿಸ್ತೀನಿ. ನೀವು ಹೋದ ಮೇಲೆ ಎಲ್ಲಾ ಸರಿ ಮಾಡ್ಬೇಕು, ಬೇರೆಯವರು ಬಂದು ಮಲಗ್ಬೇಕಲ್ಲ." ಅವಳು ಚಹಾದ ನೀರು ಇಟ್ಟಳು. "ನಿನ್ನ ಹುಡುಗನ ಕೈ ಒಳ್ಳೇದು ಕಣೆ. ಆದ್ರೆ ಸರಿ ಮಾಡೋ ಮುಂಚೆ ಒಂದು ಮಾತು ಕೇಳ್ಬಾರ್ದಾ?"

ಮೆಲ್ಲಿ ಅಳು ನಿಲ್ಲಿಸಿದಳು. ಈ ಮಾತನ್ನು ಹೋಗಿ ಅಪ್ಪನ ಮುಂದೆ ಇಟ್ಟರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಅಪ್ಪನೂ ಮುಗಿದು ಹೋಗುತ್ತಾರೆ. ಅವಳು ಜಗಲಿಗೆ ಹೋದಳು, ಮೆಕ್ಯಾನಿಕ್‌ನ ತೋಳು ಜಗ್ಗಿ ಪಿಸುಗುಟ್ಟಿದಳು: "ಮತ್ತೆ ಕೆಡಿಸೋಕೆ ಬರತ್ತಾ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಕೆಟ್ಟದ್ದನ್ನು ಸರಿ ಮಾಡಿ ಬದುಕುವವನಿಗೆ ಯಾರೂ ಇದನ್ನು ಕೇಳಿರಲಿಲ್ಲ. ಆಮೇಲೆ ಅಪ್ಪನ ಮುಂದೆ ಹೋಗಿ ನಿಂತು, "ಮಾವ, ಆ ಸದ್ದು ಹೇಗಿತ್ತು ಹೇಳಿ. ದೋಣಿ ಬರೋದ್ರೊಳಗೆ ತಂದು ಕೊಡ್ತೀನಿ" ಎಂದ.

ಅಪ್ಪ ಮುಖ ತಿರುಗಿಸಿದರು. ಆದರೆ ಆ ಸದ್ದಿನ ಬಗ್ಗೆ ಇಷ್ಟು ವಿವರವಾಗಿ ಹೇಳಿ ಎಂದು ಅವರನ್ನು ಕೇಳಿದವರು ಇದುವರೆಗೆ ಯಾರೂ ಇರಲಿಲ್ಲ. ತಡೆದುಕೊಳ್ಳಲಾಗಲಿಲ್ಲ.

"ಮೊದಲು ಸಣ್ಣಗೆ ಏಳತ್ತೆ. ನಡುವೆ ದಪ್ಪ ಆಗತ್ತೆ. ಕೊನೇಲಿ ಒಂದು ನಿಟ್ಟುಸಿರು."

ಕುರ್ಚಿ ಬಂತು. ಅಪ್ಪ ಕಣ್ಣು ಮುಚ್ಚಿ ಕೂತರು. ಮೆಕ್ಯಾನಿಕ್ ಸೀಮೆಎಣ್ಣೆಯಲ್ಲಿ ಕೀಲು ತೊಳೆದ, ಒರೆಸಿದ, ಉಪ್ಪುನೀರು ಬಿಟ್ಟ, ಚಿಟಿಕೆ ಮರಳು ಹಾಕಿದ, ಸ್ಕ್ರೂ ಬಿಗಿದ, ಸಡಿಲಿಸಿದ. ಬಾಗಿಲು ತಳ್ಳಿದ.

"ಊಹೂಂ. ಇದು ಬೆಕ್ಕು."

ಇನ್ನೊಂದು ಚಿಟಿಕೆ ಮರಳು.

"ಇದು ಆಂಬುಲೆನ್ಸು."

ಮೇಲಿನ ಸ್ಕ್ರೂ ಅರ್ಧ ಸುತ್ತು.

"ಇದು ನಮ್ಮತ್ತೆ."

"ನಮ್ಮಮ್ಮ ನಿಮಗೇನು ಮಾಡಿದ್ಲು?" ಎಂದಳು ಅಮ್ಮ, ಒಳಗಿನಿಂದ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ಸಣ್ಣಗೆ ಎದ್ದು, ದಪ್ಪವಾಗಿ, ಕೊನೆಯಲ್ಲಿ ನಿಟ್ಟುಸಿರು ಬಿಟ್ಟಿತು. ಅಪ್ಪ ಕಣ್ಣು ತೆರೆಯಲಿಲ್ಲ. "ನಮ್ಮಪ್ಪ ನನ್ನನ್ನ ಕೂಗಿ ಎಬ್ಬಿಸ್ತಾ ಇರ್ಲಿಲ್ಲ" ಎಂದರು. "ಬಾಗಿಲು ತೆಗೀತಿದ್ರು, ಅಷ್ಟೇ. ನಾನು ಎದ್ದು ಹಿಂದೆ ಓಡ್ತಿದ್ದೆ." ಮೆಕ್ಯಾನಿಕ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಮೆಲ್ಲಿಗೆ ಅಡುಗೆಮನೆಯಲ್ಲಿ ಕೇಳಿದ್ದೆಲ್ಲ ಗಂಟಲಲ್ಲೇ ಕರಗಿಹೋಯಿತು. ಭಾವ ಮಾತ್ರ, "ಬಾಗಿಲನ್ನೂ ಹಾಳುಮಾಡ್ದ, ನನ್ನ 'ಮನೆಗೆ ಬಂದ ಹಾಗಾಯ್ತು' ದಾಖಲೆಯನ್ನೂ ಹಾಳುಮಾಡ್ದ" ಎಂದು ಗೊಣಗಿದ.

ಊಟಕ್ಕೆ ಕೂತಾಗ ಅಪ್ಪ ಮೆಕ್ಯಾನಿಕ್‌ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮೀನಿನ ದೊಡ್ಡ ಹೋಳು ಅವನ ತಟ್ಟೆಗೆ ಬಿತ್ತು.

"ಮದುವೆ ಆದ ಮೇಲೆ ನಮ್ಮ ಪಕ್ಕದ ಕೋಣೆ ನಿಮ್ಮಿಬ್ಬರದ್ದು. ವರ್ಷಾ ವರ್ಷಾ. ಬಾಗಿಲು ನಿನ್ನ ಉಸ್ತುವಾರಿ. ನನ್ನ ನಂತರ ಆ ಕುರ್ಚೀನೂ ನಿಂದೇ."

"ಆಗಲಿ ಮಾವ" ಎಂದ ಮೆಕ್ಯಾನಿಕ್, ಬಾಯ್ತುಂಬ.

ಮೆಲ್ಲಿ ಭಾವನನ್ನು ನೋಡಿದಳು. ಭಾವ ಎದುರಿನ ಮೆಕ್ಯಾನಿಕ್‌ನನ್ನು ನೋಡುತ್ತಿದ್ದ, ಸೆರೆಮನೆಗೆ ಹೊಸಬ ಬಂದಾಗ ಹಳಬ ನೋಡುವ ಹಾಗೆ. ಅವಳಿಗೆ ಬೇಕಾದ್ದು ಸಿಕ್ಕಿತ್ತು. ಸುಮ್ಮನೆ ಅನ್ನ ಕಲಸಿಕೊಂಡರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ಒಂದು ವಿಷಯ ಅವಳೊಳಗೆ ಇಷ್ಟು ವರ್ಷ ಅಡಗಿ ಕೂತಿತ್ತು. ಅವಳಿಗೂ ದ್ವೀಪವೆಂದರೆ ಜೀವ. ಅಪ್ಪನ ಮೂಲೆಯಲ್ಲ. ಅಡುಗೆಮನೆ ದಾಟಿ, ಹೊಸ ಕೋಣೆಗಳನ್ನು ದಾಟಿ ಹೋದರೆ ಬಂಡೆಗಳಿಗೆ ಇಳಿಯುವ ಮೆಟ್ಟಿಲುಗಳಿದ್ದವು. ಚಿಕ್ಕಂದಿನಿಂದ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವಳು ಅಲ್ಲಿಗೆ ಹೋಗಿ ಕೂರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ದ್ವೀಪವನ್ನು ಪ್ರೀತಿಸುವ ಹಕ್ಕು ಮನೆಯಲ್ಲಿ ಒಬ್ಬರಿಗೇ ಇತ್ತು.

"ಬೇಡ" ಎಂದಳು.

ಫ್ಯಾನು ತಿರುಗುತ್ತಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

"ಏನು ಬೇಡ?"

"ಪಕ್ಕದ ಕೋಣೆ. ನಾನು ಆ ಕಡೆ ಇರ್ತೀನಿ. ಹಿಂದುಗಡೆ."

"ಹಿಂದುಗಡೆ ಏನಿದೆ ಮಣ್ಣು? ಕಾಂಕ್ರೀಟು. ಅಲ್ಲಿ ಸಮುದ್ರ ಇಲ್ಲ."

"ದ್ವೀಪ ಅಲ್ವಾ ಅಪ್ಪ" ಎಂದಳು ಮೆಲ್ಲಿ. "ಎಲ್ಲಾ ಕಡೆನೂ ಇರತ್ತೆ."

ಭಾವನಿಗೆ ನೀರು ನೆತ್ತಿಗೇರಿತು. ಅಪ್ಪ ಕೈ ತಟ್ಟೆಯಲ್ಲೇ ಬಿಟ್ಟು, ಭೂಗೋಳದ ಪಾಠ ಹೇಳಿಸಿಕೊಂಡ ಅವಮಾನದಲ್ಲಿ ಕೆಂಪಗಾದರು. "ಹಾಗಾದ್ರೆ ಈ ಸಂಬಂಧದ ಬಗ್ಗೆ ನಾನು ಇನ್ನೊಂದ್ಸಲ ಯೋಚನೆ ಮಾಡ್ಬೇಕಾಗತ್ತೆ" ಎಂದು, ಮೆಕ್ಯಾನಿಕ್ ಕಡೆ ತಿರುಗಿದರು. "ನೀನು ಹೇಳಪ್ಪ. ನೀನು ಯಾವ ಕಡೆ?"

ಮೀನಿನ ಹೋಳು ಇನ್ನೂ ಅವನ ತಟ್ಟೆಯಲ್ಲೇ ಇತ್ತು. ಅವನು ಮೆಲ್ಲಿಯನ್ನು ನೋಡಿದ. ಅವಳ ದನಿ ಇಷ್ಟು ದೊಡ್ಡದಾಗಿ ಕೇಳಿದ್ದು ಅವನಿಗೂ ಇದೇ ಮೊದಲು.

"ಇವಳು ಇರೋ ಕಡೆ ಮಾವ" ಎಂದ. "ಬಾಗಿಲಿಗೆ ಬೇಕಾದ್ರೆ ದಿನಾ ಬಂದು ಹೋಗ್ತೀನಿ."

ಅಪ್ಪ ಎದ್ದು ಕೈ ತೊಳೆದರು. ಅಮ್ಮ, "ಅನ್ನ ಬಿಟ್ಟು ಎದ್ರಲ್ಲ!" ಎಂದಳು. ಸಂಜೆಯ ದೋಣಿ ಬಂತು, ಹೋಯಿತು. ಚೀಲ ಹಾಕಿ ಎಂದೂ ಅಪ್ಪ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅಸಲಿಗೆ ಅಪ್ಪನೇ ಎಲ್ಲೂ ಕಾಣಲಿಲ್ಲ.

ಮೆಲ್ಲಿ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹಿಂದಿನ ಮೆಟ್ಟಿಲುಗಳಿಗೆ ಹೋದಳು. ಅಲ್ಲಿ ಆಗಲೇ ಒಬ್ಬರು ಕೂತಿದ್ದರು, ಪಂಚೆ ಮೊಣಕಾಲಿಗೆ ಎತ್ತಿಕಟ್ಟಿಕೊಂಡು. ಸೂರ್ಯ ನೇರ ಎದುರಿಗೆ ಇಳಿಯುತ್ತಿದ್ದ. ಅಪ್ಪ ಜೀವಮಾನವಿಡೀ ಈ ದ್ವೀಪದಲ್ಲಿ ಸೂರ್ಯ ಹುಟ್ಟುವುದನ್ನಷ್ಟೇ ನೋಡಿದ್ದರು. ಮುಳುಗುವುದಕ್ಕೂ ಅವನಿಗೊಂದು ಜಾಗ ಬೇಕಲ್ಲ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಇಬ್ಬರೂ ಅವರಿಗಿಂತ ಎರಡು ಮೆಟ್ಟಿಲು ಮೇಲೆ ಕೂತರು. ಅಪ್ಪನಿಗೆ ಅಭ್ಯಾಸ ಬಿಡಲಿಲ್ಲ.

"ನೋಡಿ ಇಲ್ಲಿ" ಎಂದರು, ಬೆರಳು ಚಾಚಿ. "ಆ ಬಂಡೆ ಹತ್ರ ನೀರು ಮೊದಲು ಹಸಿರಾಗತ್ತೆ. ಆಮೇಲೆ ತಾಮ್ರದ ಬಣ್ಣ. ಸರಿಯಾಗಿ ಗಮನಿಸ್ಬೇಕು. ಎಲ್ಲರಿಗೂ ಕಾಣಲ್ಲ ಇದು."

"ಗೊತ್ತು ಅಪ್ಪ" ಎಂದಳು ಮೆಲ್ಲಿ. "ತಾಮ್ರ ಆದ ಮೇಲೆ ನೇರಳೆ ಆಗತ್ತೆ."

ನೇರಳೆ ಆಯಿತು.

"ಗೊತ್ತಿದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಮಾತಾಡ್ತಾ ಇದ್ರಲ್ಲ."

ಮೆಕ್ಯಾನಿಕ್ ಕೆಮ್ಮು ತಡೆದುಕೊಂಡ. ನೀರು ಬಂಡೆಗೆ ಬಡಿದು ಹಿಂದೆ ಸರಿಯಿತು. ಅಪ್ಪ ಪಕ್ಕಕ್ಕೆ ಸರಿದು ತಮ್ಮ ಮೆಟ್ಟಿಲಿನಲ್ಲಿ ಇಬ್ಬರಿಗೆ ಜಾಗ ಮಾಡಿದರು.

"ಮದುವೆ ಆದ ಮೇಲೆ ಈ ಕಡೆನೇ ಇರಿ" ಎಂದರು. "ಸಂಜೆ ಚಹಾಕ್ಕೆ ನಾನು ಬರ್ತೀನಿ. ಕರೆದ್ರೆ."