ಒಂದೇ ಶಾಲಿನೊಳಗೆ

ಬೇಡ ಎನ್ನುವುದಕ್ಕೆ ಹುಮಾಳಿಗೆ ಉಳಿದದ್ದು ಇದೊಂದೇ ಮಧ್ಯಾಹ್ನ. ಸಂಜೆ ಶಿರಸಿಯಲ್ಲಿ ಹಿರಿಯರು ಕೂತು ನಿಕಾಹ್‌ನ ದಿನ ಗೊತ್ತುಮಾಡುವವರಿದ್ದರು. ಮದುವೆಯಾದರೆ ಯಲ್ಲಾಪುರದ ಶಾಲೆಯ ಕೆಲಸ ಬಿಡಬೇಕೆಂದು ಹುಡುಗನ ಮನೆಯವರು ಮೊದಲೇ ಹೇಳಿದ್ದರು. ಅವಳ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗನಿಗೇ ನೇರವಾಗಿ ಹೇಳಿಬಿಡೋಣವೆಂದು, ಒಮ್ಮೆ ಭೇಟಿಯಾಗಲೇಬೇಕೆಂದು ಹಟ ಹಿಡಿದಳು. ಅತ್ತಿಗೆ ಯಾಸ್ಮೀನ್ ಜೊತೆಗಿದ್ದರೆ ಸರಿ ಎಂದರು ಮನೆಯವರು.

ದಾಸನಕೊಪ್ಪದಾಚೆ, ಹುಡುಗ ಮಾಜ್ ತನ್ನ ಲಾರಿಗೆ ಶುಂಠಿ ತುಂಬಿಸುವ ಹೊಲಗಳ ನಡುವೆ, ಸುಣ್ಣಕಲ್ಲಿನ ಗುಡ್ಡ ಸುಮ್ಮನೆ ಕೂತಿತ್ತು. ಊರಿನ ಕಣ್ಣಿಗೆ ಬೀಳದ ಜಾಗ. ಬಂಡೆ ಎರಡಾಗಿ ಸೀಳಿದ ಸಂದಿಯೊಳಗೆ ನೆರಳು, ತಂಪು. ಹೊಲ ಕಾಯುವ ಕೆರಿಯಪ್ಪ ಬಂದ ಮೂವರನ್ನೂ ತಡೆದ.

"ಮ್ಯಾಲೆ ಹೆಜ್ಜೇನು ಕಟ್ಯಾವ್ರಿ. ಒಳಗ ದನಿ ಎತ್ತಂಗಿಲ್ಲ. ನಮ್ಮೂರಾಗ ಗಂಡ ಹೆಂಡ್ತಿ ಜಗಳಾನೂ ಈಚಿಗೇ ಮುಗಿಸಿ ಹೋಗ್ತಾರ."

"ಇವರಿಬ್ರ ಜಗಳಕ್ಕೆ ಇನ್ನೂ ಟೈಮ್ ಇದೆ, ಚಾಚಾ," ಎಂದು ನಕ್ಕು ಯಾಸ್ಮೀನ್ ಹೊರಗಿನ ಮರದ ಬುಡದಲ್ಲಿ ಕೂತಳು.

ಹುಡುಗಿಯನ್ನು ನೋಡಲು ಹೊರಟ ಮಗನ ಕೊರಳಿಗೂ ಕೈಗೂ ಮಾಜ್‌ನ ತಾಯಿ ಧಾರಾಳವಾಗಿ ಅತ್ತರು ಸವರಿ ಕಳಿಸಿದ್ದರು. ಇಬ್ಬರೂ ಒಳಗೆ ಹೋದದ್ದೇ ಸಂದಿಯ ತುಂಬ ಗುಲಾಬಿಯ ಘಮ ನಿಂತಿತು. "ಹೇಳಿ," ಎಂದ ಮಾಜ್ ಪಿಸುದನಿಯಲ್ಲಿ. ಹುಮಾ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಮೇಲೆ ಕರಿ ಹಲಗೆಯಂತೆ ತೂಗುತ್ತಿದ್ದ ಗೂಡು ಅಲೆಯಾಡಿತು. ಮೊದಲ ಹುಳ ಅವನ ಕೊರಳಿಗೇ ಬಂತು.

ಓಡುವಷ್ಟು ಜಾಗವಿರಲಿಲ್ಲ. "ಅಲ್ಲಾಡಬೇಡಿ," ಎಂದವಳೇ ಹೊದ್ದಿದ್ದ ಅಗಲ ಶಾಲನ್ನು ಅವನ ತಲೆಗೆ ಮುಚ್ಚಿ, ತಾನೂ ಅದರೊಳಗೆ ಮುದುಡಿದಳು. ಬಟ್ಟೆಯ ಮೇಲೆಲ್ಲ ಹುಳಗಳ ಮೊರೆತ. ಬೇಡ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಉಸಿರಾಡಲೂ ಹೆದರಿಕೆ.

ಕೆರಿಯಪ್ಪ ಹಸಿ ಸೊಪ್ಪಿನ ಹೊಗೆ ಹಾಕಿದ ಮೇಲೆ ಮೊರೆತ ಇಳಿಯಿತು. ಶಾಲು ಸರಿಸಿದಾಗ ಸಂದಿಯ ಬಾಯಲ್ಲಿ ಯಾಸ್ಮೀನ್ ನಿಂತಿದ್ದಳು, ಮೊಬೈಲ್ ಕಿವಿಯಲ್ಲಿ.

"ಹೌದು ಮಾವ, ಒಂದೇ ಶಾಲಿನೊಳಗೆ. ಅವನಿಗೆ ಹುಳ ಕಚ್ಚಬಾರ್ದು ಅಂತ ಮುಚ್ಕೊಂಡು ಕೂತಿದ್ಳು. ಇನ್ನೇನು ಕೇಳೋದು? ದಿನ ನೋಡಿ."

"ಭಾಭಿ, ನಾನಿನ್ನೂ ಏನೂ ಹೇಳಿಲ್ಲ."

"ಎಲ್ಲಾ ಬಾಯಲ್ಲೇ ಹೇಳ್ಬೇಕಾ, ಹುಚ್ಚಿ?"

ಹುಮಾ ಮಾಜ್‌ನತ್ತ ತಿರುಗಿದಳು. "ನನಗೆ ಈ ಮದುವೆ ಬೇಡ," ಎಂದಳು, ಮೆಲ್ಲಗೆ.

ಹುಳ ಕಚ್ಚಿ ಬಾತ ಕಣ್ಣಿನಿಂದ ಅವನು ಅವಳನ್ನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಈಗ ಹಾಗಂದ್ರೆ ಯಾರು ನಂಬ್ತಾರೆ?" ಎಂದ.

ಯಾಸ್ಮೀನ್ ಫೋನನ್ನು ಹುಮಾಳ ಕಿವಿಗೆ ಒತ್ತಿದಳು. ಆಚೆ ಅವಳ ಅಬ್ಬಾ ಖುಷಿಗೆ ಅಳುತ್ತಿದ್ದರು.