ಮಾದಪ್ಪನಿಗೆ ಮುಂಗಡ

ನಟರಾಜು ಮೈ ಬೆಳೆಸಿಕೊಂಡದ್ದರಲ್ಲಿ ಅವನಿಗಿಂತ ಅವನ ಅವ್ವನ ಪಾಲೇ ಹೆಚ್ಚು. ಬಸವಮ್ಮನ ಕೈಯಡುಗೆ ಉಂಡವರು ಸೊರಗುವುದಿಲ್ಲ ಎಂದು ದೊಡ್ಡಗಾಜನೂರಿನಲ್ಲಿ ಮಾತಿತ್ತು. ಗೂಡ್ಸ್ ಗಾಡಿಯ ಬಾಗಿಲಲ್ಲಿ ಮಗ ಓರೆಯಾಗಿ ತೂರಿಕೊಂಡು ಕೂರುವುದನ್ನು ಕಂಡಾಗಲೆಲ್ಲ ಆಕೆಗೆ ಒಳಗೊಳಗೇ ಹಿಗ್ಗು.

ಆ ಗಾಡಿಗೆ ಎಲೆಕೋಸು ತುಂಬಿಕೊಂಡು ಅವನು ದಿಂಬಂ ಘಾಟಿ ಇಳಿಯುತ್ತಿದ್ದ. ಒಂದು ಬೆಳಗ್ಗೆ ತಿರುವಿನಲ್ಲಿ ಎದುರಿಗೆ ಬಸ್ಸು ಬಂದದ್ದೇ ಅವನಿಗೆ ಕಾಣಲಿಲ್ಲ. ಮಂಜಿನ ದಿನವೂ ಅಲ್ಲ. ಬಸ್ಸಿನವನು ಬ್ರೇಕ್ ಒತ್ತಿದ್ದರಿಂದ ಉಳಿದ. ಬಲಗಣ್ಣ ನಡುವೆ ಕಾಡಿಗೆ ಮೆತ್ತಿದಂಥ ಮಸುಕು. ಯಾರಿಗೂ ಹೇಳದೆ ವಾರಗಟ್ಟಲೆ ಕಣ್ಣುಜ್ಜಿಕೊಂಡೇ ಗಾಡಿ ಓಡಿಸಿದ್ದ.

ಹೆಂಡತಿ ಸುಮ ಅವನನ್ನು ಸತ್ಯಮಂಗಲದ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಕಣ್ಣೊಳಗಿನ ಚಿತ್ರ ತೋರಿಸಿದರಂತೆ. ನೋಟ ಮೂಡುವುದು ಹಿಂಬದಿಯ ಒಂದು ತೆಳು ಪರದೆಯ ಮೇಲೆ. ಅಲ್ಲಿನ ಕೂದಲೆಳೆಯಂಥ ರಕ್ತನಾಳಗಳು ಸೋರಿ ಪರದೆ ಊದಿಕೊಂಡಿದೆ. ಸಕ್ಕರೆ ಕಾಯಿಲೆಯೂ ಇದೆ, ಬಿಪಿಯೂ ಇದೆ, ಮೈಯ ತೂಕ ಎರಡನ್ನೂ ಏರಿಸುತ್ತಿದೆ. ಕಣ್ಣಿಗೆ ಸೂಜಿ ಹಾಕುತ್ತೇವೆ, ನೀವು ತೂಕ ಇಳಿಸಿ, ಆದರೆ ಉಪವಾಸ ಬಿದ್ದು ಅವಸರ ಮಾಡಬೇಡಿ ಅಂದರಂತೆ. ನೋಡಿಕೊಳ್ಳದಿದ್ದರೆ ಎಡಗಣ್ಣಿಗೂ ಅದೇ ಗತಿ. ನೋಟ ತಿಳಿಯಾಗುವವರೆಗೆ ಗಾಡಿ ಮುಟ್ಟುವಂತಿಲ್ಲ.

ಆ ಸಂಜೆಯೇ ಬಸವಮ್ಮ ಊರ ಮಾದಪ್ಪನ ಗುಡಿಯಲ್ಲಿ ಹರಕೆ ಹೊತ್ತಳು. ಮಗನ ಕಣ್ಣು ನೆಟ್ಟಗಾದರೆ ಅವನ ತೂಕದಷ್ಟು ಬೆಲ್ಲ.

ಸುಮ ಮುದ್ದೆ ಚಿಕ್ಕದು ಮಾಡಿದಳು, ಸೊಪ್ಪು ಹೆಚ್ಚಿಸಿದಳು. ಗಂಡನನ್ನು ಕೆರೆ ಏರಿಯ ಮೇಲೆ ನಡೆಸಿದಳು. ಆದರೂ ಮುಂದಿನ ಸಲ ಆಸ್ಪತ್ರೆಯಲ್ಲಿ ತೂಕದ ಮುಳ್ಳು ಹಳೆಯ ಜಾಗದಲ್ಲೇ ನಿಂತಿತು. ಒಂದು ಮಧ್ಯಾಹ್ನ ಹೊಲದಿಂದ ಬೇಗ ಬಂದವಳು ನೋಡಿದರೆ, ಅತ್ತೆ ಮುದ್ದೆಯ ನಡುವೆ ಕುಳಿ ಮಾಡಿ ಬೆಣ್ಣೆ ಹುದುಗಿಸುತ್ತಿದ್ದಾಳೆ.

ಬಸವಮ್ಮ ಕೈ ಮರೆಮಾಡಲಿಲ್ಲ. "ಅರಕೆ ಒತ್ತಾಗ ಎಂಗಿದ್ನೋ ಅಂಗೇ ತೂಗ್ಬೇಕು ಕಣವ್ವ. ಇಳುಸ್ಬುಟ್ಟು ಕೂರ್ಸುದ್ರೆ ಮಾದಪ್ಪಂಗೆ ಮೋಸ ಮಾಡ್ದಂಗೆ ಆಗದಿಲ್ವಾ? ಕೊಟ್ಟ ಕಣ್ಣ ಅವ್ನೇ ಕಿತ್ಕತಾನೆ."

ಸುಮಳಿಗೆ ಏರಿದ ಸಿಟ್ಟು ಅಲ್ಲೇ ಇಳಿಯಿತು. ಹಾಗಾದರೆ ಈಗಲೇ ತೂಗಿಬಿಡೋಣ ಅಂದಳು.

"ವಾಸಿಯಾಗ್ದೆಯಾ? ಆಳಿಗಾರೂ ಕೆಲ್ಸ ಆದ್ಮೇಲೆ ತಾನೆ ಕೂಲಿ."

ಜಗಲಿಯಲ್ಲಿ ಮಲಗಿದ್ದ ನಟರಾಜು ಎದ್ದು ಬಂದು ಬಾಗಿಲಿಗೆ ಒರಗಿದ. ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡು ಅವ್ವನ ಕಡೆ ತಿರುಗಿದ.

"ಅವ್ವ, ಈ ಕಣ್ಣಲ್ಲಿ ನೋಡುದ್ರೆ ನಿನ್ ಸೆರಗು ಕಾಣ್ತದ, ಕಿವಿ ಓಲೆ ಕಾಣ್ತದ. ಮೊಕ ಇಲ್ಲ ಕಣವ್ವ."

ಆಕೆ ಇಷ್ಟು ದಿನ ಅದನ್ನು ಕೇಳಿಯೇ ಇರಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆಂಬ ಭಯ. ಬೆಣ್ಣೆಯನ್ನು ಮೆಲ್ಲಗೆ ಮುದ್ದೆಯಿಂದ ತೆಗೆದು ಗಡಿಗೆಗೆ ಹಾಕಿದಳು.

ಸೋಮವಾರ ಗುಡಿಯ ತೊಲೆಗೆ ತಕ್ಕಡಿ ಕಟ್ಟಿದರು. ಒಂದು ತಟ್ಟೆಯಲ್ಲಿ ನಟರಾಜು ಕಾಲು ಮಡಚಿ ಕೂತ. ಇನ್ನೊಂದಕ್ಕೆ ಅಚ್ಚುಬೆಲ್ಲ ಬೀಳತೊಡಗಿತು. ಎಷ್ಟು ಹಾಕಿದರೂ ಅವನು ನೆಲ ಬಿಡಲಿಲ್ಲ. ಪೂಜೆಯ ತಮ್ಮಡಿ ಜಡೇಸ್ವಾಮಿ ನಕ್ಕ. "ಇನ್ನೊಂದು ಮೂಟೆ ಬಿಚ್ಚವ್ವ, ನಿನ್ ಅಡ್ಗೆ ಏನ್ ಸಾಮಾನ್ಯವಾ?"

ಎಲ್ಲರ ಜೊತೆ ಬಸವಮ್ಮನೂ ನಕ್ಕಳು. ಆಮೇಲೆ ಬೆಲ್ಲದ ರಾಶಿಯನ್ನೇ ನೋಡುತ್ತ ನಿಂತಳು. ಇಷ್ಟೂ ಭಾರದ ಬಾಧೆಯನ್ನು ಮಗನ ಕಣ್ಣೊಳಗಿನ ಆ ಕೂದಲೆಳೆಗಳೇ ತಾಳಬೇಕಿತ್ತಲ್ಲ ಎನಿಸಿತು. ಕಡೆಗೆ ಮಗನ ತಟ್ಟೆ ನೆಲ ಬಿಟ್ಟಿತು. ಆಕೆ ಕೈಮುಗಿದು, ಇದು ಮುಂಗಡ, ಕೆಲಸ ನಿನ್ನದು ಎಂದು ದೇವರಿಗೆ ಪಿಸುಗುಟ್ಟಿದಳು.

ಜಡೇಸ್ವಾಮಿ ನಟರಾಜುವಿನ ಅಂಗೈಗೆ ಒಂದು ತುಂಡು ಬೆಲ್ಲ ಇಟ್ಟ. ಪ್ರಸಾದ ಬೇಡವೆನ್ನುವಂತಿಲ್ಲ. ಅವನು ಕೈಯನ್ನು ಬಾಯ ಬಳಿಗೆ ಎತ್ತುವಷ್ಟರಲ್ಲಿ ಬಸವಮ್ಮ ಅದನ್ನು ಕಸಿದು ತನ್ನ ಬಾಯಿಗೆ ಹಾಕಿಕೊಂಡಳು.

"ನಿನ್ ಪಾಲ ನಾನ್ ತಿಂತಿನಿ," ಅಂದಳು. "ನೀನು ಕೆರೆ ಏರಿ ಮೇಲೆ ನಡಿ."